ಅರವತ್ತರ ನಂತರ ಮುಂಬೈ ಮ್ಯಾರಥಾನ್: ಪೆಡ್ಡರ್ ರಸ್ತೆಯ ಏರಿಗೆ ಶಕ್ತಿ ಉಳಿಸಿಕೊಳ್ಳುವ ಬಗೆ

ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು. 42.195 ಕಿಲೋಮೀಟರ್ ಎಂಬ ದೂರ ಎಲ್ಲ ಊರುಗಳಲ್ಲೂ ಒಂದೇ. ಆದರೆ ಧಾರವಾಡ, ಬೆಂಗಳೂರು, ಮೈಸೂರಿನಂತಹ ಎತ್ತರದ ಊರುಗಳ ಒಣ ಹವೆಯಲ್ಲಿ ಓಡಿ ರೂಢಿಯಾದ, ಅರವತ್ತು ದಾಟಿದ ಓಟಗಾರರಿಗೆ ಮುಂಬೈಯಲ್ಲಿ ಆ ದೂರದ ಲೆಕ್ಕವೇ ಬದಲಾಗುತ್ತದೆ. ಓಟದ ಮೊದಲರ್ಧ ಕತ್ತಲೆಯಲ್ಲೂ ತಂಪಿನಲ್ಲೂ ಸಾಗುತ್ತದೆ. ಎರಡನೆಯ ಅರ್ಧ ಬಿಸಿಲು ಮತ್ತು ಕಡಲ ಆರ್ದ್ರತೆಯ ನಡುವೆ ಸಾಗುತ್ತದೆ. ಮೈಯಲ್ಲಿನ ಶಕ್ತಿಯೆಲ್ಲ ಸೋರಿಹೋದ ಹೊತ್ತಿಗೆ, ಸುಮಾರು ಮೂವತ್ತಾರನೆಯ ಕಿಲೋಮೀಟರಿನ ಆಸುಪಾಸಿನಲ್ಲಿ, ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಈ ಪ್ರಯಾಣದ ಪ್ರತಿಯೊಂದು ನಿರ್ಧಾರವನ್ನೂ, ಹೆಸರು ನೋಂದಾಯಿಸುವುದರಿಂದ ಹಿಡಿದು ಹಿಂದಿನ ರಾತ್ರಿಯ ಊಟದವರೆಗೆ, ಆ ಏರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಬೇಕು ಎಂಬುದು ನನ್ನ ಅನುಭವದ ಮಾತು.

ನೋಂದಣಿ ಮಳೆಗಾಲದಲ್ಲೇ ತೆರೆಯುವುದರಿಂದ ದಸರೆ, ದೀಪಾವಳಿ ಕಳೆಯಲೆಂದು ಕಾದವರಿಗೆ ಜಾಗ ಸಿಗುವುದು ಕಷ್ಟ. ಪೂರ್ಣ ಮ್ಯಾರಥಾನ್‌ಗೆ ಹಿಂದೆ ಓಡಿದ ಓಟದ ಸಮಯದ ಪ್ರಮಾಣಪತ್ರ ಕೇಳುತ್ತಾರೆ, ಅದರ ಆಧಾರದ ಮೇಲೆ ಆರಂಭದ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಾರೆ. ಹಳೆಯ ಉತ್ತಮ ಸಮಯವನ್ನು ಕೊಟ್ಟು ಮುಂದಿನ ಗುಂಪಿಗೆ ಸೇರುವ ಆಸೆ ಬೇಡ. ನಲವತ್ತರ ತರುಣರ ನಡುವೆ ನಿಂತರೆ ಮೊದಲ ಐದು ಕಿಲೋಮೀಟರ್‌ಗಳಲ್ಲಿ ಅವರ ವೇಗವೇ ನಮ್ಮ ವೇಗವಾಗಿಬಿಡುತ್ತದೆ, ಅದರ ಸಾಲವನ್ನು ಪೆಡ್ಡರ್ ರಸ್ತೆಯಲ್ಲಿ ತೀರಿಸಬೇಕಾಗುತ್ತದೆ.

ಹೆಸರು ನೋಂದಾಯಿಸಿದ ಮೇಲೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಎಷ್ಟು ವರ್ಷಗಳಿಂದ ಓಡುತ್ತಿದ್ದರೂ ರಕ್ತದೊತ್ತಡ, ಸಕ್ಕರೆ, ಇಸಿಜಿ ಮತ್ತು ವೈದ್ಯರು ಸೂಚಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಮುಂದೂಡಬಾರದು. ಒಳ್ಳೆಯ ದಮ್ಮಿದೆ ಎಂದ ಮಾತ್ರಕ್ಕೆ ಹೃದಯದ ರಕ್ತನಾಳಗಳು ಸ್ವಚ್ಛವಾಗಿವೆ ಎಂದು ಅರ್ಥವಲ್ಲ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಓಟದ ದಿನ ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಕೇಳಿ ತಿಳಿದುಕೊಳ್ಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳು ಬಿಸಿಲಿನ ಓಟದಲ್ಲಿ ನೀರಿನ ಕೊರತೆಯನ್ನು ಹೆಚ್ಚಿಸುತ್ತವೆ, ಕೆಲವು ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುವುದರಿಂದ ಕೈಗಡಿಯಾರ ತೋರಿಸುವ ನಾಡಿಯನ್ನು ನಂಬಿ ಓಡಲು ಬರುವುದಿಲ್ಲ.

ತಯಾರಿಯ ವಿಷಯದಲ್ಲಿ, ಮ್ಯಾರಥಾನ್ ಹೇಗೆ ಓಡಬೇಕೆಂದು ಅನುಭವಿಗಳಿಗೆ ಹೇಳುವ ಅಗತ್ಯವಿಲ್ಲ. ಮುಂಬೈಗೆಂದು ಏನು ಬದಲಿಸಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಏರಿನ ಅಭ್ಯಾಸವನ್ನು ದೀರ್ಘ ಓಟದ ಕೊನೆಗೆ ತರುವುದು. ನಾನಿರುವ ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಬದಿಯಲ್ಲಿ ಸಮತಟ್ಟಾದ ದೂರವನ್ನೆಲ್ಲ ಮುಗಿಸಿ, ಕಾಲು ಸೋತ ಮೇಲೆ ನೃಪತುಂಗ ಬೆಟ್ಟದ ರಸ್ತೆಯನ್ನು ಹತ್ತುತ್ತಿದ್ದೆ. ಬೆಳಗಿನ ಹುರುಪಿನಲ್ಲಿ ಹತ್ತಿದ ಬೆಟ್ಟ ಮುಂಬೈಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಎರಡನೆಯದು ಶಾಖಕ್ಕೆ ಮೈಯನ್ನು ಒಗ್ಗಿಸುವುದು. ಒಣ ಹವೆಯಲ್ಲಿ ಬೆವರು ಆರುತ್ತ ಮೈಯನ್ನು ತಂಪಾಗಿಸುತ್ತದೆ. ಮುಂಬೈಯ ತೇವದ ಗಾಳಿಯಲ್ಲಿ ಅದು ಆರದೆ ಸುರಿದುಹೋಗುತ್ತದೆ, ನೀರೂ ಉಪ್ಪೂ ನಷ್ಟವಾದರೂ ತಂಪು ಮಾತ್ರ ದೊರೆಯುವುದಿಲ್ಲ. ದೇಹ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ಓಟಕ್ಕೆ ಮುಂಚಿನ ಎರಡು ಮೂರು ವಾರಗಳಲ್ಲಿ ಕೆಲವು ಸಣ್ಣ, ನಿಧಾನದ ಓಟಗಳನ್ನು ನಸುಕಿಗೆ ಬದಲಾಗಿ ಬೆಳಗಿನ ಒಂಬತ್ತು ಗಂಟೆಯ ನಂತರ, ತುಂಬುತೋಳಿನ ಅಂಗಿ ಧರಿಸಿ ಓಡುವುದು ಒಳ್ಳೆಯದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಕೆನಡಾದ ಎಡ್ ವಿಟ್‌ಲಾಕ್ ಅವರು 2004ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿದವರು. ತಮ್ಮ ಮನೆಯ ಹತ್ತಿರದ ಸ್ಮಶಾನದ ಸುತ್ತ ಗಂಟೆಗಟ್ಟಲೆ ನಿಧಾನವಾಗಿ ಓಡುವುದೇ ಅವರ ಮುಖ್ಯ ಅಭ್ಯಾಸವಾಗಿತ್ತು. ಅವರಂತೆ ದಿನದಿನವೂ ಅಷ್ಟು ಹೊತ್ತು ಓಡಲು ನಮ್ಮಲ್ಲಿ ಹೆಚ್ಚಿನವರ ಮೊಣಕಾಲು ಒಪ್ಪಲಾರದು, ಒಪ್ಪಿಸಲು ಯತ್ನಿಸಲೂಬಾರದು. ಆದರೆ ನಿಧಾನದ ದೀರ್ಘ ಓಟದ ಮೇಲೆ ಅವರು ಇಟ್ಟ ನಂಬಿಕೆಯನ್ನು ಎರವಲು ಪಡೆಯಬಹುದು. ವಯಸ್ಸಾದಂತೆ ಸ್ನಾಯು ಕರಗುವುದು ಸಹಜವಾದುದರಿಂದ ವಾರಕ್ಕೆ ಎರಡು ದಿನ ತೊಡೆ, ಮೀನಖಂಡ ಮತ್ತು ಸೊಂಟದ ಬಲಕ್ಕೆ ವ್ಯಾಯಾಮ ಮಾಡಲೇಬೇಕು. ನನ್ನ ಮಟ್ಟಿಗೆ ಒಂದು ದಿನದ ಓಟವನ್ನು ಬಿಟ್ಟಾದರೂ ಇದನ್ನು ಉಳಿಸಿಕೊಳ್ಳಬೇಕು. ಕೊನೆಯ ದೀರ್ಘ ಓಟಕ್ಕೂ ಮ್ಯಾರಥಾನ್‌ಗೂ ನಡುವೆ ಮೂರು ವಾರಗಳ ಅಂತರವಿರಲಿ.

ಪ್ರಯಾಣಕ್ಕೆ ಹುಬ್ಬಳ್ಳಿ-ಧಾರವಾಡದವರಿಗೆ ದಾದರ್‌ಗೆ ಹೋಗುವ ರೈಲು ಅನುಕೂಲ, ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಅಂದರೆ ಓಟ ಆರಂಭವಾಗುವ ಜಾಗಕ್ಕೇ ತಲುಪಿಸುತ್ತದೆ. ಅರವತ್ತು ದಾಟಿದ ಪುರುಷರಿಗೂ ನಲವತ್ತೈದು ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತ್‌ನ ಕೋಟಾ ಇದೆ. ಹೋಗುವಾಗ ಅದರ ಬೆಲೆ ತಿಳಿಯದಿದ್ದರೂ ಬರುವಾಗ ತಿಳಿಯುತ್ತದೆ. ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿಯಾದ ಬಿಬ್‌ನ್ನು ಓಟದ ಹಿಂದಿನ ದಿನಗಳಲ್ಲಿ ನಡೆಯುವ ಎಕ್ಸ್‌ಪೋ ಎಂಬ ಮೇಳದಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಬೇಕು, ಭಾನುವಾರ ಬೆಳಿಗ್ಗೆ ಕೊಡುವುದಿಲ್ಲ. ಆದ್ದರಿಂದ ಶುಕ್ರವಾರವೇ ಮುಂಬೈ ತಲುಪಿ, ಅಂದೇ ಬಿಬ್ ಪಡೆದು, ಶನಿವಾರವನ್ನು ಪೂರ್ತಿ ವಿಶ್ರಾಂತಿಗೆ ಮೀಸಲಿಡುವುದು ಉತ್ತಮ. ಎಕ್ಸ್‌ಪೋದ ಮಳಿಗೆಗಳಲ್ಲಿ ಗಂಟೆಗಟ್ಟಲೆ ನಿಲ್ಲುವುದೂ, ಅಲ್ಲಿ ಕೊಂಡ ಹೊಸ ಬೂಟನ್ನೋ ಓಡುತ್ತ ಶಕ್ತಿಗೆಂದು ನುಂಗುವ ಸಿಹಿ ಲೇಹದಂತಹ ಹೊಸ ಜೆಲ್ಲನ್ನೋ ಭಾನುವಾರ ಬಳಸುವುದೂ ಎರಡೂ ಬೇಡ.

ವಸತಿಗೆ ಫೋರ್ಟ್ ಅಥವಾ ಚರ್ಚ್‌ಗೇಟ್ ಭಾಗ ಎಲ್ಲರೂ ಬಯಸುವಂಥದ್ದು, ದುಬಾರಿಯೂ ಹೌದು. ನಾನು ಕನ್ನಡಿಗ ಓಟಗಾರರಿಗೆ ಮಾಟುಂಗಾವನ್ನು ಸೂಚಿಸುತ್ತೇನೆ. ದಾದರ್‌ನಿಂದ ಒಂದೇ ನಿಲ್ದಾಣ ದೂರವಿರುವ ಈ ಬಡಾವಣೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, ದಶಕಗಳಿಂದ ನೆಲೆಸಿದ ಕನ್ನಡಿಗರಿದ್ದಾರೆ, ಎಲ್ಲಕ್ಕಿಂತ ಮುಖ್ಯವಾಗಿ ಉಡುಪಿ ಕಡೆಯವರ ಊಟದ ಹೋಟೆಲುಗಳಿವೆ. ಮ್ಯಾರಥಾನ್ ಹಿಂದಿನ ದಿನ ಹೊಟ್ಟೆಗೆ ಪರಿಚಯವಿಲ್ಲದ ಆಹಾರ ಹಾಕಬಾರದೆಂಬುದು ಎಲ್ಲ ಓಟಗಾರರಿಗೂ ತಿಳಿದಿರುವ ನಿಯಮ. ಅದನ್ನು ಪರಊರಿನಲ್ಲಿ ಪಾಲಿಸುವುದೇ ಕಷ್ಟ. ಮಾಟುಂಗಾದಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆಯ ಪೂರ್ಣ ಊಟ, ಸಂಜೆ ಏಳರೊಳಗೆ ಮತ್ತೆ ಅನ್ನ-ಮೊಸರು ಎಂಬ ಮನೆಯ ಕ್ರಮವನ್ನೇ ಮುಂದುವರಿಸಲು ಸಾಧ್ಯವಾಗುತ್ತದೆ. ಶನಿವಾರದ ದೊಡ್ಡ ಊಟ ಮಧ್ಯಾಹ್ನವೇ ಆಗಲಿ. ವಯಸ್ಸಾದವರ ಜೀರ್ಣಶಕ್ತಿಗೆ ರಾತ್ರಿ ತಡವಾಗಿ ಮಾಡಿದ ಭಾರದ ಊಟ ಬೆಳಗಿನ ಐದು ಗಂಟೆಗೆ ಇನ್ನೂ ಕರಗಿರುವುದಿಲ್ಲ. ಕಾಳು, ಹಸಿ ತರಕಾರಿ, ಕರಿದ ತಿಂಡಿಗಳನ್ನು ಅಂದು ಬದಿಗಿಡಬೇಕು.

ಪೂರ್ಣ ಮ್ಯಾರಥಾನ್ ಬೆಳಿಗ್ಗೆ ಐದು ಗಂಟೆಗೆ ಆರಂಭವಾಗುವುದರಿಂದ ಎರಡೂವರೆಗೆ ಏಳುವುದು ಅನಿವಾರ್ಯ. ಆ ದಿನ ಬೆಳಗಿನ ಜಾವ ಓಟಗಾರರಿಗಾಗಿ ವಿಶೇಷ ಲೋಕಲ್ ರೈಲುಗಳನ್ನು ಬಿಡುವುದುಂಟು. ಅವುಗಳ ಸಮಯವನ್ನು ಶನಿವಾರ ಸಂಜೆಯೇ ಖಚಿತಪಡಿಸಿಕೊಳ್ಳಿ. ಟ್ಯಾಕ್ಸಿಯಲ್ಲಿ ಹೋಗುವವರು ರಸ್ತೆ ಮುಚ್ಚುವ ಮೊದಲೇ ಹೊರಡಬೇಕು. ಏಳುತ್ತಲೇ ಎರಡು ಬಾಳೆಹಣ್ಣು, ಒಂದೆರಡು ಇಡ್ಲಿ ಅಥವಾ ಬ್ರೆಡ್, ಅಭ್ಯಾಸವಿದ್ದರೆ ಅರ್ಧ ಲೋಟ ಕಾಫಿ ಸಾಕು. ತೊಡೆಸಂದು, ಕಂಕುಳು, ಎದೆತೊಟ್ಟುಗಳಿಗೆ ವ್ಯಾಸಲಿನ್ ಸವರಿಕೊಳ್ಳದಿದ್ದರೆ ಮುಂಬೈಯ ತೇವದಲ್ಲಿ ಚರ್ಮ ಉಜ್ಜಿ ಸುಲಿಯುತ್ತದೆ. ಆರಂಭದ ಬಳಿಯ ಶೌಚಾಲಯಗಳ ಸಾಲು ಉದ್ದವಾಗಿರುತ್ತದೆ. ಪ್ರಾಸ್ಟೇಟ್ ತೊಂದರೆ ಇರುವ ನಮ್ಮ ವಯಸ್ಸಿನವರು ಅದಕ್ಕೆಂದೇ ಹೆಚ್ಚು ಸಮಯ ಇಟ್ಟುಕೊಂಡು ತಲುಪಬೇಕು.

ಮಾರ್ಗ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದರಿಂದ ಆ ವರ್ಷದ ನಕ್ಷೆಯನ್ನು ನೋಡಿಯೇ ಯೋಜನೆ ಹಾಕಬೇಕು. ನಾನು ಹೇಳುತ್ತಿರುವುದು ನಾನು ಓಡಿದ ಮಾರ್ಗದ ವಿಚಾರ. ಟರ್ಮಿನಸ್‌ನಿಂದ ಹುತಾತ್ಮ ಚೌಕದ ಮೂಲಕ ಮರೀನ್ ಡ್ರೈವ್ ತಲುಪುವವರೆಗೆ ಬೀದಿದೀಪದ ಬೆಳಕಿದೆ, ಕಡಲ ಗಾಳಿಯಿದೆ, ರಸ್ತೆ ಸಮತಟ್ಟಾಗಿದೆ. ಮೈ ಹಗುರವಾಗಿರುವ ಈ ಭಾಗದಲ್ಲಿ ಗುರಿಯ ವೇಗಕ್ಕಿಂತ ಕಿಲೋಮೀಟರಿಗೆ ಹದಿನೈದು ಇಪ್ಪತ್ತು ಸೆಕೆಂಡು ನಿಧಾನವಾಗಿಯೇ ಓಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗಿರ್‌ಗಾಂವ್ ಚೌಪಾಟಿ ದಾಟಿದ ಮೇಲೆ ಕೆಂಪ್ಸ್ ಕಾರ್ನರ್, ಪೆಡ್ಡರ್ ರಸ್ತೆಗಳ ಏರು ಒಮ್ಮೆ ಬರುತ್ತದೆ. ಕತ್ತಲೆಯಲ್ಲಿ ಅದು ಏರೆಂದೇ ಅನ್ನಿಸುವುದಿಲ್ಲ. ಹೋಗುವಾಗಲೇ ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಮನಸ್ಸಿನಲ್ಲಿ ಗುರುತು ಮಾಡಿಕೊಂಡರೆ ಮರಳುವಾಗ ದಾರಿಯ ಅಂದಾಜಿರುತ್ತದೆ.

ಹಾಜಿ ಅಲಿ, ವರ್ಲಿ ಕಡಲದಂಡೆಗಳನ್ನು ದಾಟಿ ಬಾಂದ್ರಾ-ವರ್ಲಿ ಸೀ ಲಿಂಕ್ ಏರಿದಾಗ ಬೆಳಕು ಹರಿಯುತ್ತದೆ. 2009ರಲ್ಲಿ ಸಂಚಾರಕ್ಕೆ ತೆರೆದ, 5.6 ಕಿಲೋಮೀಟರ್ ಉದ್ದದ ಈ ಸೇತುವೆಯ ಮೇಲೆ ಉಳಿದ ದಿನಗಳಲ್ಲಿ ಕಾಲ್ನಡಿಗೆಗೆ ಅವಕಾಶವಿಲ್ಲ. ಎರಡೂ ಬದಿ ಕಡಲು, ತಲೆಯ ಮೇಲೆ ಉಕ್ಕಿನ ತಂತಿಗಳ ಸಾಲು, ಪೂರ್ವದಲ್ಲಿ ನಗರದ ಹಿಂದಿನಿಂದ ಏಳುವ ಕೆಂಪು: ಇಷ್ಟು ದೂರ ಬಂದದ್ದಕ್ಕೆ ಈ ಒಂದು ನೋಟವೇ ಸಾಕು ಎಂದು ನನಗೆ ಅನ್ನಿಸಿತು. ಇಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು ಬದಿಗೆ ಸರಿದು ನಿಲ್ಲಬೇಕು, ಹಿಂದಿನಿಂದ ಬರುವವರಿಗೆ ಅದು ಅಪಾಯ.

ಮಾಹಿಮ್‌ನಿಂದ ಶಿವಾಜಿ ಪಾರ್ಕ್, ಸಿದ್ಧಿವಿನಾಯಕ ದೇವಸ್ಥಾನ, ಪ್ರಭಾದೇವಿಯವರೆಗಿನ ದಾರಿ ಮುಂಬೈ ಜನರದ್ದು. ಮನೆಮನೆಯವರು ಬೀದಿಗೆ ಬಂದು ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು, ನೀರು ಹಿಡಿದು ನಿಂತಿರುತ್ತಾರೆ. ಬಿಳಿಕೂದಲಿನ ಓಟಗಾರರನ್ನು ಕಂಡರೆ ‘ಕಾಕಾ’, ‘ಆಜೋಬಾ’ (ಅಜ್ಜ) ಎಂದು ಕೂಗಿ ಚಪ್ಪಾಳೆ ತಟ್ಟುತ್ತಾರೆ. ಆ ಪ್ರೀತಿಗೆ ಕಾಲುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ. ಕೈ ಬೀಸಿ, ನಗುತ್ತ, ಅದೇ ವೇಗದಲ್ಲಿ ಮುಂದುವರಿಯುವುದು ಇಲ್ಲಿ ಕಲಿಯಬೇಕಾದ ಸಂಯಮ. ಬಿಸಿಲು ಈಗ ಹತ್ತುತ್ತಿರುತ್ತದೆ. ಮೂರು ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುವ, ಅಮೆರಿಕದ ಒಲಿಂಪಿಕ್ ಓಟಗಾರ ಜೆಫ್ ಗ್ಯಾಲೊವೆ ಪ್ರಚಾರಕ್ಕೆ ತಂದ ಕ್ರಮ ನಮ್ಮ ವಯಸ್ಸಿಗೆ ಬಹಳ ಹೊಂದುತ್ತದೆ. ಆದರೆ ಸುಸ್ತಾದ ಮೇಲೆ ನಡೆಯಲು ಶುರುಮಾಡಿದರೆ ಅದರ ಲಾಭ ಸಿಗುವುದಿಲ್ಲ; ಮೊದಲ ಕಿಲೋಮೀಟರ್‌ಗಳಿಂದಲೇ ಪಾಲಿಸಬೇಕು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುವುದರಿಂದ ದಾಹವಾದಾಗ ಕುಡಿಯುವೆ ಎಂದು ಕಾಯುವುದು ಸರಿಯಲ್ಲ. ಹಾಗೆಂದು ದಾರಿಬದಿಯಲ್ಲಿ ನೀರು ಕೊಡುವ ಪ್ರತಿ ಮೇಜಿನಲ್ಲೂ ಬಾಟಲಿ ಖಾಲಿ ಮಾಡುವುದು ಅದಕ್ಕಿಂತ ಅಪಾಯಕಾರಿ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆಸುತ್ತು, ವಾಂತಿ, ಗೊಂದಲ ಉಂಟಾಗುತ್ತವೆ, ಜೀವಕ್ಕೂ ಅಪಾಯವಾಗಬಹುದು. ಪ್ರತಿ ನೀರಿನ ಮೇಜಿನಲ್ಲಿ ಎರಡು ಮೂರು ಗುಟುಕು, ಎರಡು ಮೇಜುಗಳಿಗೊಮ್ಮೆ ಓಆರ್‌ಎಸ್ ಅಥವಾ ಉಪ್ಪಿನಂಶದ ಪಾನೀಯ, ಉಳಿದ ನೀರು ತಲೆಗೂ ಕತ್ತಿಗೂ. ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಕಾರ್ಬೊಹೈಡ್ರೇಟ್ ಬೇಕಾಗುತ್ತದೆ. ಜೆಲ್ ಒಗ್ಗದವರು ಖರ್ಜೂರ ಅಥವಾ ಬೆಲ್ಲದ ಚಿಕ್ಕಿಯನ್ನು ತಯಾರಿಯ ದಿನಗಳಲ್ಲೇ ಪರೀಕ್ಷಿಸಿ ನೋಡಬಹುದು. ನೋವಿನ ಮಾತ್ರೆಯನ್ನು ಮಾತ್ರ ಓಟದ ಮೊದಲಾಗಲಿ ನಡುವಾಗಲಿ ನುಂಗಬಾರದು: ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ.

ಇಷ್ಟೆಲ್ಲ ಉಳಿತಾಯ ಮಾಡಿಕೊಂಡು ಹಾಜಿ ಅಲಿಯನ್ನು ಮರಳಿ ದಾಟಿದರೆ ಪೆಡ್ಡರ್ ರಸ್ತೆ. ಏರನ್ನು ಓಡಿಯೇ ತೀರಬೇಕೆಂಬ ಹಠ ಬೇಡ. ಹೆಜ್ಜೆ ಚಿಕ್ಕದು ಮಾಡಿ, ದೃಷ್ಟಿಯನ್ನು ಹತ್ತು ಮಾರು ಮುಂದಕ್ಕೆ ನೆಟ್ಟು, ತೋಳು ಬೀಸುತ್ತ ಬಿರುಸಾಗಿ ನಡೆದರೂ ಕುಂಟುತ್ತ ಓಡುವವರಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಡಿಯದಂತೆ ಮೈಯನ್ನು ಹಿಂದಕ್ಕೆ ವಾಲಿಸದೆ ಇಳಿಯಬೇಕು. ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆ ಸೆಳೆದರೆ, ಬಿಸಿಲಿನಲ್ಲಿ ಬೆವರು ನಿಂತು ಚಳಿಯಾದರೆ ಓಟವನ್ನು ಅಲ್ಲಿಯೇ ನಿಲ್ಲಿಸಿ ಹತ್ತಿರದ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು, ಇನ್ನು ಐದೇ ಕಿಲೋಮೀಟರ್ ಎಂಬ ಲೆಕ್ಕ ಆಗ ಹಾಕಬಾರದು. ಚೌಪಾಟಿಯ ನಂತರದ ಮರೀನ್ ಡ್ರೈವ್‌ನಲ್ಲಿ ನೆರಳು ಕಡಿಮೆ; ಟೋಪಿಯನ್ನು ನೆನೆಸಿ ಹಾಕಿಕೊಂಡು, ಉಳಿದದ್ದನ್ನೆಲ್ಲ ಇಲ್ಲಿ ಖರ್ಚು ಮಾಡಬಹುದು.

ಮುಗಿಸಿದ ಕೂಡಲೇ ಕುಳಿತುಕೊಳ್ಳದೆ ಹದಿನೈದು ನಿಮಿಷ ನಡೆಯಬೇಕು, ಏಕೆಂದರೆ ಹಠಾತ್ತಾಗಿ ನಿಂತರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವವರು ನಮ್ಮ ವಯಸ್ಸಿನಲ್ಲಿ ಹೆಚ್ಚು. ಭಾನುವಾರ ಸಂಜೆಯ ರೈಲಿಗೆ ಟಿಕೆಟ್ ಕಾಯ್ದಿರಿಸಬೇಡಿ. ಆ ರಾತ್ರಿ ಮಾಟುಂಗಾದಲ್ಲೇ ಮಲಗಿ, ಸೋಮವಾರ ಹೊರಡಿ, ರೈಲಿನಲ್ಲಿ ಗಂಟೆಗೊಮ್ಮೆ ಎದ್ದು ಬೋಗಿಯುದ್ದಕ್ಕೂ ನಡೆಯಿರಿ, ಇಲ್ಲದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಊರಿಗೆ ಬಂದ ಮೇಲೆ ಮೊದಲ ವಾರ ನಡಿಗೆ ಮಾತ್ರ, ಎರಡನೆಯ ವಾರ ಲಘು ಓಟ. ಮೂತ್ರದ ಬಣ್ಣ ಕಡುಕಂದಾಗಿದ್ದರೆ ಅಥವಾ ಒಂದೇ ಕಾಲಿನ ಮೀನಖಂಡ ಮಾತ್ರ ಊದಿಕೊಂಡಿದ್ದರೆ ಓಟದ ನೋವೆಂದು ಸುಮ್ಮನಿರದೆ ಅಂದೇ ವೈದ್ಯರನ್ನು ಕಾಣಬೇಕು.