ತೊಲೆಯ ತುದಿಯ ಕಾವಲುಗಾರ

ನಾನು ಶಿರಸಿ ಕಡೆಯವನು, ಮಡಗಾಂವಿನಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದೇನೆ. ಯಾವ ಊರಿಗೆ ಹೋದರೂ ಮೊದಲು ನೋಡುವುದು ತೊಲೆ, ಕಂಬ. ಇಂಡೋನೇಷ್ಯಾದ ಸುಮಾತ್ರಾದಲ್ಲಿರುವ ತೋಬಾ ಸರೋವರದ ಸಮೋಸಿರ್ ದ್ವೀಪದಲ್ಲಿ ಬಟಾಕ್ ಜನರ ಹಳೆಯ ಮನೆಗಳ ಮುಂದೆ ನಿಂತಾಗಲೂ ಅಷ್ಟೇ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ, ಮೊಳೆಯಿಲ್ಲದೆ ಬಿಗಿದ ಮನೆ. ಎರಡೂ ಪಕ್ಕದ ಉದ್ದ ತೊಲೆಗಳ ಮುಂತುದಿಯಲ್ಲಿ ಒಂದೊಂದು ಮುಖ: ನೀಳ ಮೋರೆ, ಉಬ್ಬಿದ ಕಣ್ಣು, ಮೈತುಂಬ ಸುರುಳಿ ಗೆರೆ. ಅದೇ ‘ಸಿಂಗ’, ಕೇಡು ಒಳನುಗ್ಗದಂತೆ ಮನೆ ಕಾಯುವುದು. ನನ್ನ ಕಣ್ಣಿಗಂತೂ ಸಿಂಹಕ್ಕಿಂತ ಕೋಣ, ನಾಗಗಳ ಛಾಯೆಯೇ ಹೆಚ್ಚು ಕಂಡಿತು.

ಬಣ್ಣ ಮೂರೇ: ಕೆಂಪು, ಬಿಳಿ, ಕಪ್ಪು. ಮುಂಗೋಡೆಯ ಹಲಗೆಯಲ್ಲಿ ಹಲ್ಲಿಯೂ ಸಾಲು ಮೊಲೆಗಳೂ ಉಂಟು, ಸಂತಾನ ಸಮೃದ್ಧಿಗೆ. (ನನ್ನ ಗಿರಾಕಿಗಳು ಬಾಗಿಲಿಗೆ ಗಣಪತಿ, ಲಕ್ಷ್ಮಿ ಬಿಟ್ಟು ಬೇರೇನನ್ನೂ ಒಪ್ಪುವವರಲ್ಲ.)

ಗೋವಾದ ಹಳೆಯ ಮನೆಗಳ ಗೇಟಿನ ಕಂಬದ ಮೇಲೂ ಸಿಂಹ ಕೂರುತ್ತದೆ. ಅದು ಬೀದಿಗೆ ಮನೆಯವರ ಠೀವಿ ತೋರಿಸುತ್ತದೆ, ಸಿಂಗ ಹೆದರಿಸುತ್ತದೆ. ನನ್ನ ಓಟು ಸಿಂಗಕ್ಕೆ.

ಈಗ ತೇಗದ ತುಂಡೊಂದರಲ್ಲಿ ಆ ಕಣ್ಣನ್ನು ಕೆತ್ತುತ್ತಿದ್ದೇನೆ. ಮನೆಯೊಳಗೆ ಬೇಡ, ಅಂಗಡಿಯಲ್ಲೇ ಇರಲಿ ಎಂದು ಹೆಂಡತಿ ಈಗಲೇ ಹೇಳಿದ್ದಾಳೆ.