ಶೆಡ್ಡಜ್ಜನ ಕಬ್ಬಿಣದ ಅಂಗಿ

ನಮ್ಮ ಪಕ್ಕದ ಮನೆಯವರು ಕೆಲವು ವರ್ಷಗಳಿಂದ ಒಂದು ಅಂಗಿ ಮಾಡುತ್ತಿದ್ದಾರೆ. ಕಬ್ಬಿಣದ ಅಂಗಿ. ಎಡಗಡೆ ತೋಳು ಇನ್ನೂ ಬಾಕಿ ಇದೆ.

ಇಂಗ್ಲೆಂಡಿನ ಲೀಡ್ಸಿನ ನಮ್ಮ ಬೀದಿಯಲ್ಲಿ ಎಲ್ಲರ ಹಿತ್ತಲಲ್ಲೂ ಒಂದೊಂದು ಮರದ ಶೆಡ್ ಇದೆ. ನಮ್ಮದರಲ್ಲಿ ಮಗಳ ಹಳೇ ಸೈಕಲ್ಲು ಮತ್ತು ಊರಿನಿಂದ ಬರುವಾಗ ತಂದ ದೊಡ್ಡ ಸೂಟ್‌ಕೇಸುಗಳು. ಅವರದರಲ್ಲಿ 15ನೇ ಶತಮಾನ. ನಿವೃತ್ತಿಯವರೆಗೂ ವಿಮಾ ಕಚೇರಿಯಲ್ಲಿ ಕೂತು ಲೆಕ್ಕ ಬರೆದವರು ಈಗ ಮಧ್ಯಾಹ್ನ ಊಟ ಆದಮೇಲೆ ಚರ್ಮದ ಏಪ್ರನ್ ಕಟ್ಟಿಕೊಂಡು ಶೆಡ್ಡಿಗೆ ಹೊಕ್ಕರೆ ಸಂಜೆ ಚಹಾಕ್ಕೇ ಹೊರಗೆ ಬರುವುದು. ಹೆಸರು ಹಿಡಿದು ಕರಿ ಅಂತ ಅವರು ಎಷ್ಟು ಸಲ ಹೇಳಿದರೂ, ಎಪ್ಪತ್ತು ದಾಟಿದವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ. ನನ್ನ ಒದ್ದಾಟ ನೋಡಿ ಮಗಳೇ ಒಂದು ಹೆಸರಿಟ್ಟಳು: ಶೆಡ್ಡಜ್ಜ. ಈಗ ಮನೆಯಲ್ಲಿ ಅದೇ ಖಾಯಂ.

ಕೆಲಸ ಹೇಗೆ ಅಂದರೆ, ಮೆತ್ತನೆ ಕಬ್ಬಿಣದ ತಂತಿಯನ್ನು ಒಂದು ಸರಳಿಗೆ ಬಿಗಿಯಾಗಿ ಸುತ್ತುತ್ತಾರೆ. ಆ ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ರಾಶಿ ಉಂಗುರ. ಪ್ರತಿ ಉಂಗುರದ ಎರಡು ತುದಿಗಳನ್ನು ಒಂದರ ಮೇಲೊಂದು ಬರುವ ಹಾಗೆ ಒತ್ತಿ, ಕೆಂಪಗೆ ಕಾಯಿಸಿ, ನಿಧಾನಕ್ಕೆ ಆರಲು ಬಿಡುತ್ತಾರೆ. ಹಾಗೆ ಹದ ಮಾಡದಿದ್ದರೆ ಮುಂದಿನ ಏಟಿಗೆ ಸೀಳಿಹೋಗುತ್ತದೆ. ತುದಿ ಕೂಡಿದ ಜಾಗಕ್ಕೆ ಸುತ್ತಿಗೆಯಿಂದ ಒಂದು ಏಟು, ಚಪ್ಪಟೆ. ಅಲ್ಲಿ ಚೂಪಾದ ಮೊಳೆಯಿಂದ ಸಣ್ಣ ತೂತು. ಆಮೇಲೆ ಆ ಉಂಗುರವನ್ನು ಇನ್ನು ನಾಲ್ಕು ಉಂಗುರಗಳಿಗೆ ಕೊಂಡಿ ಹಾಕಿ, ತೂತಿನೊಳಗೆ ಕನ್ನಡಕ ಇಲ್ಲದೆ ಕಾಣದಂಥ ಒಂದು ರಿವೆಟ್ ತೂರಿಸಿ, ಇಕ್ಕಳದಲ್ಲಿ ಹಿಂಡುತ್ತಾರೆ. ಟಿಕ್. ಒಂದು ಮುಗಿಯಿತು. ತೊಡೆಯವರೆಗೆ ಬರುವ ಅಂಗಿಗೆ ಇಂಥವು 25,000ದಿಂದ 30,000 ಬೇಕು. ತೂಕ ಹತ್ತು ಕೆಜಿ ಆಸುಪಾಸು.

"ಇಷ್ಟು ಕಷ್ಟ ಯಾಕೆ? ಸುಮ್ನೆ ತುದಿಗೆ ತುದಿ ಕೂಡಿಸಿ ಬಿಟ್ಟರೆ ಆಗಲ್ವಾ?" ಅಂತ ಒಮ್ಮೆ ಕೇಳಿದೆ. ಅಜ್ಜ ಬಾಯಲ್ಲಿ ಉತ್ತರ ಕೊಡಲಿಲ್ಲ. ಮರದ ಕೊರಡಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ರಿವೆಟ್ ಇಲ್ಲದ ಒಂದು ತುಂಡು ಹೆಣಿಗೆಯನ್ನು ಅದರ ಮೇಲೆ ಹಾಸಿದರು. ನನ್ನ ಕೈಗೆ ಒಂದು ಈಟಿಯ ತುದಿ ಕೊಟ್ಟು, ತಿವಿ ಅಂದರು. ತಿವಿದೆ. ಉಂಗುರಗಳು ಬಾಯಿ ಬಿಟ್ಟು ನೆಲಕ್ಕೆ ಉದುರಿದವು. ರಿವೆಟ್ ಹಾಕಿದ ತುಂಡಿನ ಮೇಲೆ ಮತ್ತೆ ತಿವಿದರೆ ನನ್ನ ಮಣಿಕಟ್ಟು ಜುಮ್ಮೆಂದಿತೇ ಹೊರತು ಅದಕ್ಕೆ ಏನೂ ಆಗಲಿಲ್ಲ. ಕೆಳಗಿನ ದಪ್ಪ ಬಟ್ಟೆಯೂ ಅಷ್ಟೇ ಮುಖ್ಯವಂತೆ. ಕಬ್ಬಿಣ ಕೊಯ್ತ ತಡೆಯುತ್ತದೆ, ಏಟಿನ ಪೆಟ್ಟು ತಡೆಯುವುದು ಬಟ್ಟೆ. ಆ ಕೌದಿಯಂಥ ಜಾಕೀಟನ್ನೂ ಅಜ್ಜನೇ ಲಿನನ್ ಬಟ್ಟೆಯಲ್ಲಿ ಕೈಯಿಂದ ಹೊಲಿದಿದ್ದಾರೆ.

ಇದೆಲ್ಲ ಟೌಟನ್ ಯುದ್ಧದ ನೆನಪಿಗೆ. ನಮ್ಮಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿಯ ಹೊಲಗಳಲ್ಲಿ, 1461ರ ಮಾರ್ಚ್ 29ರಂದು, ಬೀಳುವ ಹಿಮದಲ್ಲಿ ಇಂಗ್ಲೆಂಡಿನ ಎರಡು ರಾಜಮನೆತನದವರು ಕಡಿದಾಡಿಕೊಂಡರು. 1996ರಲ್ಲಿ ಅಲ್ಲಿ ಕಟ್ಟಡದ ಕೆಲಸಕ್ಕೆ ಅಗೆಯುವಾಗ ಸೈನಿಕರನ್ನು ಒಟ್ಟಿಗೆ ಹೂತ ಗುಂಡಿ ಸಿಕ್ಕಿತು. ಹೆಚ್ಚಿನವರಿಗೆ ಗಾಯ ಆಗಿದ್ದು ತಲೆಗೆ. ಪ್ರತಿ ವರ್ಷ ಈಸ್ಟರಿಗೆ ಒಂದು ವಾರ ಮೊದಲು ಹವ್ಯಾಸಿಗಳು ಹಳೇ ಕಾಲದ ವೇಷ ತೊಟ್ಟು ಅಲ್ಲಿ ಸೇರುತ್ತಾರೆ. ಅಜ್ಜನಿಗೆ ಫಳಫಳ ಹೊಳೆಯುವ ತಗಡಿನ ಕವಚದ ಆಸೆ ಇಲ್ಲ. "ಅದು ಕುದುರೆ ಮೇಲಿನವರದು. ನಮ್ಮ ಮುತ್ತಾತಂದಿರು ಯಾರಾದರೂ ಅಲ್ಲಿದ್ದಿದ್ದರೆ ಕೆಸರಲ್ಲಿ ನಿಂತಿರುತ್ತಿದ್ದರು" ಅನ್ನುತ್ತಾರೆ.

ನನಗೆ ಆ ಶೆಡ್ಡಿನಲ್ಲಿ ಕೂರುವುದು ಇಷ್ಟ. ನಮ್ಮೂರು ಶಿಕಾರಿಪುರದ ಕಡೆ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಜಗಲಿಯ ಮೇಲೆ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂತವರ ಹಾಗೆಯೇ ಇಲ್ಲಿ ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಮಾತು ತನ್ನ ಪಾಡಿಗೆ.

ಊರಲ್ಲಿ ಅಪ್ಪ ಇದನ್ನು ವಿಡಿಯೋ ಕಾಲಿನಲ್ಲಿ ನೋಡಿದರು. ಬೇಲಿಯಾಚೆ ಅಜ್ಜ ತಂತಿ ಕಾಯಿಸುತ್ತಿದ್ದರು.

"ಪಾಪ, ಪೆನ್ಷನ್ ಬರಲ್ವಾ ಅವರಿಗೆ?"

"ಬರುತ್ತೆ ಅಪ್ಪ. ಇದು ಹವ್ಯಾಸಕ್ಕೆ."

"ಮಕ್ಕಳು ನೋಡ್ಕೊಳಲ್ವಾ ಹಾಗಾದ್ರೆ? ಇನ್ಶೂರೆನ್ಸ್ ಆಫೀಸಲ್ಲಿ ಇದ್ದವರು ಈ ವಯಸ್ಸಲ್ಲಿ ಕಮ್ಮಾರಿಕೆ ಮಾಡೋದು ಅಂದ್ರೆ..."

ಅವರ ದನಿಯಲ್ಲಿ ನಿಜವಾದ ಮರುಕ ಇತ್ತು. ಅಜ್ಜ ಅತ್ತಲಿಂದ ಖುಷಿಯಾಗಿ ಕೈ ಬೀಸಿದರು. ಅಪ್ಪ ಇನ್ನೂ ನೊಂದುಕೊಂಡರು.

ಕಳೆದ ತಿಂಗಳು ಅಜ್ಜನೇ ನಮ್ಮನ್ನು ಇಲ್ಲಿನ ರಾಯಲ್ ಆರ್ಮರೀಸ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ನಿಮ್ಮ ದೇಶದ್ದು ಒಂದು ಇದೆ ಬಾ ಅಂತ. ನೋಡಿದರೆ ಆನೆಯ ಕವಚ! ಮೊಘಲರ ಕಾಲದ್ದು. ಒಂದು ಕಡೆಯ ಕೆಲವು ಭಾಗಗಳು ಕಳೆದುಹೋಗಿವೆ; ಉಳಿದಿರುವುದರಲ್ಲೇ 5,840 ಕಬ್ಬಿಣದ ತಗಡುಗಳು, 118 ಕೆಜಿ ತೂಕ. ತಗಡಿನಿಂದ ತಗಡಿಗೆ ಅದೇ ಉಂಗುರಗಳ ಹೆಣಿಗೆ. ನಡುನಡುವೆ ದೊಡ್ಡ ತಗಡುಗಳಲ್ಲಿ ಆನೆ, ತಾವರೆ, ಹಕ್ಕಿ, ಮೀನು ಎದ್ದು ಕಾಣುವ ಹಾಗೆ ಕೊರೆದಿದ್ದಾರೆ. ಯುದ್ಧಕ್ಕೆ ಹೋಗುವ ಆನೆಗೆ ಮೀನಿನ ಚಿತ್ರ ಯಾರು ನೋಡಬೇಕಿತ್ತು ಹೇಳಿ. ಆದರೂ ಯಾರೋ ಕೂತು ಕೊರೆದಿದ್ದಾರೆ.

ಇದು 1801ರಲ್ಲಿ ಲೇಡಿ ಕ್ಲೈವ್ ಜೊತೆ ಇಂಗ್ಲೆಂಡಿಗೆ ಬಂತು. ಅವಳ ಗಂಡ ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಕುರ್ಚಿಯಲ್ಲಿ ಇದ್ದವನು ಅವನೇ. ಅವರ ಮನೆತನದ ವೇಲ್ಸಿನ ಪೋವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ ಇವತ್ತಿಗೂ ಇದೆ. ಈ ಆನೆಯ ಕವಚವೂ ಬಹಳ ಕಾಲ ಅಲ್ಲೇ ಇತ್ತು. ಯಾರು ತಂದರು, ಯಾರ ಮನೆಯಲ್ಲಿತ್ತು ಎಲ್ಲ ಬರೆದಿದ್ದಾರೆ. ಮಾಡಿದವರ ಹೆಸರಿಲ್ಲ.

ಅದೇ ಮಾತಿಗೆ ಅಜ್ಜ ಹೇಳಿದರು, ಮಿಲಾನಿನ ಕವಚಗಾರರು ತಗಡಿನ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದರಂತೆ. ಜರ್ಮನಿಯ ಇಸರ್ಲೋನಿನ ಒಬ್ಬನಂತೂ ಉಂಗುರದ ಅಂಗಿಯಲ್ಲಿ ತನ್ನ ಹೆಸರು ಮತ್ತು ಊರು ಬರೆದ ಒಂದು ಉಂಗುರ ಸೇರಿಸಿಬಿಟ್ಟಿದ್ದಾನೆ. ನನಗೆ ಸುಮ್ಮನಿರಲು ಆಗಲಿಲ್ಲ. ಬೇಲೂರಿನ ಗುಡಿಯಲ್ಲಿ ವಿಗ್ರಹದ ಕೆಳಗೆ ಬಳ್ಳಿಗಾವಿಯ ದಾಸೋಜ ಹೆಸರು ಕೆತ್ತಿಕೊಂಡಿದ್ದಾನೆ, ಅದು 12ನೇ ಶತಮಾನ, ಬಳ್ಳಿಗಾವಿ ನಮ್ಮ ತಾಲೂಕೇ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಅಂತ ಇನ್ನೊಬ್ಬ ಇದ್ದಾನೆ ಅಂತ ಒಂದೇ ಉಸಿರಿಗೆ ಹೇಳಿದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸಿನವನು ಪಯಸ್ ಮಹಾನವಮಿಯಲ್ಲಿ ನೋಡಿದ್ದನ್ನೂ ಸೇರಿಸಿದೆ: ಗಟ್ಟಿ ತೊಗಲನ್ನು ಪದರ ಪದರವಾಗಿ ಸೇರಿಸಿ, ಮೇಲೆ ಕಬ್ಬಿಣದ ತಗಡು ಕೂರಿಸಿದ ಅಂಗಿಗಳು, ಕೆಲವರ ತಗಡಿಗೆ ಚಿನ್ನದ ನೀರು. ಅಜ್ಜ ಪಯಸನ ಹೆಸರನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡರು. ನನ್ನ ಎದೆ ಒಂದಿಂಚು ಉಬ್ಬಿತ್ತು ಅಂತಲೇ ಇಟ್ಟುಕೊಳ್ಳಿ.

ಅದು ಇಳಿದದ್ದು ಮುಂದಿನ ಭಾನುವಾರ, ಶೆಡ್ಡಿನಲ್ಲಿ.

ಅಜ್ಜನ ಗೆಳೆಯರೊಬ್ಬರು ತಮ್ಮ ಅಂಗಿಯನ್ನು ರಿಪೇರಿಗೆ ಬಿಟ್ಟುಹೋಗಿದ್ದರು. ಅಂಗಡಿಯಲ್ಲಿ ಕೊಂಡದ್ದು. ಕಾಲರಿನ ಹತ್ತಿರ ಚೀಟಿ ಇತ್ತು: ಮೇಡ್ ಇನ್ ಇಂಡಿಯಾ. ಇಲ್ಲಿ ಹವ್ಯಾಸಿಗಳು ತೊಡುವ ರಿವೆಟ್ ಅಂಗಿಗಳಲ್ಲಿ ಜಾಸ್ತಿ ಪಾಲು ನಮ್ಮ ದೇಶದಿಂದಲೇ ಬರುವುದಂತೆ, ಉತ್ತರದ ಡೆಹ್ರಾಡೂನ್ ಕಡೆಯಿಂದ. ಬೆಲೆ 200 ಪೌಂಡಿನ ಆಸುಪಾಸು. ಅಜ್ಜ ಅದನ್ನು ಮೇಜಿನ ಮೇಲೆ ಹರಡಿ, ಭೂತಕನ್ನಡಿ ಹಿಡಿದು ಸಾಲು ಸಾಲಾಗಿ ನೋಡಿದರು. "ಈ ಕೈ ಎಷ್ಟು ಚುರುಕು ನೋಡು. ನಾನು ಒಂದು ರಿವೆಟ್ ಹಾಕುವಷ್ಟರಲ್ಲಿ ಇವನು ಹತ್ತು ಹಾಕಿರುತ್ತಾನೆ. ಇದು ಅವನಿಗೆ ನೌಕರಿ, ನನಗೆ ಹವ್ಯಾಸ."

ನನ್ನ ಮಗಳು ಉಂಗುರಗಳನ್ನು ಡಬ್ಬಿಯಲ್ಲಿ ಬೇರೆ ಮಾಡುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಹಾಗಾದ್ರೆ ಅವರ ಹವ್ಯಾಸ ಏನು?"

ಅಜ್ಜ ನನ್ನ ಮುಖ ನೋಡಿದರು. ಇಂಡಿಯಾದವನು ನಾನಲ್ವಾ!

ಆ ರಾತ್ರಿ ನನಗೆ ನೆನಪಾದದ್ದು ನಮ್ಮೂರ ಆಚಾರ್ರು. ಊರ ಬಾಗಿಲಲ್ಲೇ ಅವರ ಕುಲುಮೆ. ತಿದಿ ಒತ್ತಲು ಮಕ್ಕಳು ನಾವು ಸಾಲು ನಿಲ್ಲುತ್ತಿದ್ದೆವು. ಕೆಂಡದಿಂದ ತೆಗೆದ ಗುಳದ ಬಣ್ಣ ನೋಡಿ, ಇನ್ನೆಷ್ಟು ಏಟು ತಡೆಯುತ್ತದೆ ಅಂತ ಹೇಳುತ್ತಿದ್ದ ಮನುಷ್ಯ. ನಮ್ಮ ಮನೆಯ ಕತ್ತಿ, ಗುದ್ದಲಿ, ಹಾರೆ, ಮೆಟ್ಟುಗತ್ತಿ ಎಲ್ಲ ಅವರ ಕೈಯದೇ. ಕೂಲಿ ಅಂತ ದುಡ್ಡಿಲ್ಲ, ಸುಗ್ಗಿಯಲ್ಲಿ ಇಷ್ಟು ಅಂತ ಭತ್ತ. ಅದನ್ನು ಒಯ್ಯಲು ಬಂದಾಗ ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಒಳಗೆ ಬನ್ನಿ ಅಂತ ಯಾರೂ ಕರೆದದ್ದು ನಾನು ಕೇಳಿಲ್ಲ. ಆಯುಧ ಪೂಜೆಯ ದಿನ ಮಾತ್ರ ಅವರು ಮಾಡಿದ್ದಕ್ಕೆಲ್ಲ ನಮ್ಮ ದೇವರ ಮನೆಯಲ್ಲಿ ಜಾಗ. ಅರಿಶಿನ, ಕುಂಕುಮ, ಹೂವು. ನನಗೆ ಗಣಿತದಲ್ಲಿ ಮಾರ್ಕ್ಸ್ ಕಮ್ಮಿ ಬಂದರೆ ಅಜ್ಜಿ ಬೈಯುತ್ತಿದ್ದದ್ದು, "ಹೋಗು, ಆಚಾರ್ರ ಕುಲುಮೆಯಲ್ಲಿ ತಿದಿ ಒತ್ತು." ಅದು ಬೈಗುಳ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದೆ. ಕಬ್ಬಿಣದ ಬಗ್ಗೆ ನಾಲ್ಕು ವರ್ಷ ಓದಿ, ಸುತ್ತಿಗೆ ಹಿಡಿದದ್ದು ವರ್ಕ್‌ಶಾಪ್ ಲ್ಯಾಬಿನಲ್ಲಿ ಮಾತ್ರ. ಮನೆಯಲ್ಲಿ ಅದಕ್ಕೆ ಎಲ್ಲರಿಗೂ ಹೆಮ್ಮೆ.

ಹಾಗಂತ ಇಲ್ಲಿ ಎಲ್ಲ ಬೇರೆ ಅಂದುಕೊಳ್ಳಬೇಡಿ. ಇದನ್ನೆಲ್ಲ ಅಜ್ಜನಿಗೆ ಹೇಳಿದಾಗ ಅವರು ನಕ್ಕರು. ಅವರ ಅಪ್ಪ ಬಾರ್ನ್ಸ್‌ಲಿ ಹತ್ತಿರ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಮಗನನ್ನು ಒಂದು ದಿನವೂ ಗಣಿಯ ಬಾಗಿಲಿಗೆ ಬಿಡಲಿಲ್ಲವಂತೆ. ಬಿಳಿ ಅಂಗಿ ಹಾಕುವ ಕೆಲಸವೇ ಆಗಬೇಕು ಅಂತ ಹಟ. ಹಾಕಿದರು, ನಿವೃತ್ತಿಯವರೆಗೂ. ಅಪ್ಪನಿಗೆ ಈ ಶೆಡ್ ತೋರಿಸಿದ್ದರೆ ಒದೆ ಬೀಳುತ್ತಿತ್ತು ಅಂತಾರೆ. ಭಾನುವಾರ ಗುದ್ದಲಿ ಸಲಿಕೆ ಏನನ್ನೂ ಮುಟ್ಟದ ಆ ಅಪ್ಪ ಗಣಿ ಕಾರ್ಮಿಕರ ಬ್ರಾಸ್ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ಅದು ಈಗಲೂ ಅಜ್ಜನ ಮನೆಯ ಹಾಲಿನಲ್ಲಿದೆ, ಊದುವವರಿಲ್ಲ.

ಆಚಾರ್ರ ಮಗ ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು. ಈಗ ಹೆದ್ದಾರಿಯ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಕಿಟಕಿ ಗ್ರಿಲ್ಲು, ಅಡಿಕೆ ಒಣಗಿಸುವ ಸ್ಟ್ಯಾಂಡು. ಕುಲುಮೆ ಮುಚ್ಚಿ ಬಹಳ ಕಾಲವಾಯಿತು. ಅವನಿಗೆ ಅಜ್ಜನ ಅಂಗಿಯ ಫೋಟೋ ಕಳಿಸಿ ಫೋನ್ ಮಾಡಿದೆ.

"ಒಂದಕ್ಕೆ ಎಷ್ಟು ಕೊಡ್ತಾರೆ?" ಅಂತ ಮೊದಲು ಕೇಳಿದ.

"ಏನೂ ಇಲ್ಲ ಮಾರಾಯ, ಅವರೇ ತೊಡ್ಕೊಳಕ್ಕೆ."

"ಸುಮ್ನೆನಾ!" ಸ್ವಲ್ಪ ಹೊತ್ತು ಫೋಟೋ ದೊಡ್ಡದು ಮಾಡಿ ನೋಡಿರಬೇಕು. "ರಿವೆಟ್ ಚೆನ್ನಾಗಿ ಕೂರಿಸಿದಾರೆ ಕಣೋ. ಆದ್ರೆ ಬಲಗಡೆ ಕಂಕುಳ ಕೆಳಗೆ ನೋಡು, ಒಂದು ಸಾಲು ತಪ್ಪಿದೆ. ಅಲ್ಲಿ ಬಟ್ಟೆ ಹಿಗ್ಗಿದ ಹಾಗೆ ಆಗಿದೆ."

ಮಗಳು ಫೋನ್ ಕಿತ್ತುಕೊಂಡಳು. "ಅಂಕಲ್, ನಿಮ್ಮ ಹವ್ಯಾಸ ಏನು?"

"ನಂದಾ ಪುಟ್ಟಿ? ಶನಿವಾರ ಭಜನೆಗೆ ತಬಲಾ ಬಾರಿಸ್ತೀನಿ. ಅವತ್ತು ಸಂಜೆ ಮೇಲೆ ಕಬ್ಬಿಣ ಮುಟ್ಟಲ್ಲ, ಬೆರಳು ಒರಟಾಗುತ್ತೆ."

ಅವಳಿಗೆ ಸಮಾಧಾನ ಆಗಲಿಲ್ಲ. "ಆದ್ರೆ ಆ ಅಂಗಿ ಮಾಡಿದ್ದು ಇವರಲ್ಲವಲ್ಲ" ಅಂತ ಗೊಣಗಿಕೊಂಡು ಹೋದಳು.

ಕಂಕುಳ ಕೆಳಗಿನ ಸಾಲಿನ ವಿಷಯ ಅಜ್ಜನಿಗೆ ಹೇಳಲೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದೆ. ಅವರು ಮಾತಾಡದೆ ಅಂಗಿಯನ್ನು ಬೆಳಕಿಗೆ ಹಿಡಿದು ಎಣಿಸಿದರು. ಹೌದು, ತಪ್ಪಿತ್ತು. ಅಲ್ಲಿ ಕೂತು ಫೋಟೋದಲ್ಲಿ ಹೇಗೆ ಕಂಡುಹಿಡಿದ ಅಂತ ಅವರಿಗೆ ತಲೆಬಿಸಿ. ಅಷ್ಟೂ ರಿವೆಟ್ಟುಗಳನ್ನು ಮತ್ತೆ ಕತ್ತರಿಸಿ ತೆಗೆಯಬೇಕು. ಎರಡು ದಿನ ಬಿಟ್ಟು ಬೇಲಿಯ ಹತ್ತಿರ ಬಂದು, ನಿನ್ನ ಗೆಳೆಯನಿಗೆ ಇನ್ನೊಂದು ಪ್ರಶ್ನೆ ಕೇಳು ಅಂದರು. ತೋಳು ಮಣಿಕಟ್ಟಿನ ಕಡೆ ಸಣ್ಣದಾಗುತ್ತಾ ಹೋಗಬೇಕು, ಎಷ್ಟು ಸಾಲಿಗೆ ಒಂದು ಉಂಗುರ ಕಮ್ಮಿ ಮಾಡಲಿ?

ಕೇಳಿದೆ. ಆ ಕಡೆಯಿಂದ ಗ್ರೈಂಡರ್ ಸದ್ದು ನಿಂತಿತು.

"ಕಬ್ಬಿಣದ್ದು ಏನಿದ್ರೂ ಕೇಳು, ಹೇಳ್ತೀನಿ" ಅಂದ. "ತೋಳಿನ ಅಳತೆ ಎಲ್ಲ ಟೈಲರ್ ಹತ್ರ ಕೇಳಕ್ಕೆ ಹೇಳು ಮಾರಾಯ."