ನಮ್ಮ ನ್ಯೂ ಕಾಲೇಜಿನ ಸ್ಟ್ರೋಕ್

ಆಕ್ಸ್‌ಫರ್ಡಿನ ನಮ್ಮ ನ್ಯೂ ಕಾಲೇಜಿನಿಂದ ಹೋದ ಹುಟ್ಟುಗಾರರಲ್ಲಿ ರಾಬರ್ಟ್ ಬೋರ್ನ್ ಅವರ ಹೆಸರು ಈಗಿನ ಹುಡುಗರಿಗೆ ಅಷ್ಟು ಗೊತ್ತಿಲ್ಲ. ಗೊತ್ತಿರಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಲಂಡನ್ನಿನ ಥೇಮ್ಸ್ ನದಿಯಲ್ಲಿ ಪ್ರತಿವರ್ಷ ನಡೆಸುವ ದೋಣಿ ಪಂದ್ಯ 1906ರಿಂದ ಮೂರು ವರ್ಷ ಕೇಂಬ್ರಿಡ್ಜಿನದಾಗಿತ್ತು. ಅವರ ಸ್ಟ್ರೋಕ್, ಅಂದರೆ ದೋಣಿಗೆ ತಾಳ ಹಾಕಿಕೊಡುವ ಹುಟ್ಟುಗಾರ, ಡಗ್ಲಸ್ ಸ್ಟುವರ್ಟ್. 1909ರಲ್ಲಿ ಅದೇ ಸ್ಟುವರ್ಟ್ ಎದುರು ಬೋರ್ನ್ ಕೂತರು, ಗೆದ್ದರು. 1912ರವರೆಗೆ ನಾಲ್ಕು ಸಲ ಕೂತರು, ನಾಲ್ಕೂ ಸಲ ಗೆದ್ದರು.

ಸ್ಟ್ರೋಕ್ ಎಂದರೆ ಎಂಟನೆಯ ಸೀಟು, ದೋಣಿಯ ದಿಕ್ಕು ಹಿಡಿಯುವ ಕಾಕ್ಸ್‌ಗೆ ಮುಖಾಮುಖಿ. ಬೆನ್ನ ಹಿಂದಿನ ಏಳು ಜನ ಅವನ ತಾಳಕ್ಕೇ ಹುಟ್ಟು ಹಾಕಬೇಕು. ಎಳೆತದ ಬಲ ಯಾವ ಸೀಟಿನಲ್ಲೂ ಸಿಗುತ್ತದೆ. ಎಳೆತ ಮುಗಿದ ಮೇಲೆ, ಮುಂದಿನದಕ್ಕಾಗಿ ಸ್ಲೈಡಿಂಗ್ ಸೀಟಿನಲ್ಲಿ ಜಾರಿ ಬರುವಾಗಿನ ನಿಧಾನವಿದೆಯಲ್ಲ, ಅದು ಸ್ಟ್ರೋಕ್‌ನಿಂದಲೇ ಬರಬೇಕು. ಆಗ ಎಂಟು ಜನರ ಆರುನೂರು ಕಿಲೋ ಮೀರಿದ ಭಾರ ದೋಣಿಯ ಹಿಂಬದಿಗೆ ಸರಿಯುತ್ತಿರುತ್ತದೆ. ಆತುರಪಟ್ಟರೆ ಆ ಭಾರವೆಲ್ಲ ಕಾಲ್ಹಲಗೆಗೆ ಗುದ್ದಿ, ಹಿಂಬದಿ ಕುಸಿದು, ಓಡುತ್ತಿದ್ದ ದೋಣಿಗೆ ತಡೆಯಾಗುತ್ತದೆ. ನಿಮಿಷಕ್ಕೆ ಹಾಕುವ ಎಳೆತಗಳ ಎಣಿಕೆ ಏರುತ್ತದೆ, ವೇಗ ಏರುವುದಿಲ್ಲ. ಪಂದ್ಯದ ದಾರಿಯಾದ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗಿನ ಸುಮಾರು 6.8 ಕಿ.ಮೀ.ಯಲ್ಲಿ ಈ ತಪ್ಪಿಗೆ ಬೆಲೆ ತೆರದೆ ವಿಧಿಯಿಲ್ಲ. 1911ರಲ್ಲಿ ಬೋರ್ನ್ ಅವರ ದೋಣಿ 18 ನಿಮಿಷ 29 ಸೆಕೆಂಡಿನಲ್ಲಿ ಮುಟ್ಟಿತು; ಆ ದಾಖಲೆ 1934ರವರೆಗೆ ನಿಂತಿತು. ಚಿಕ್ಕಂದಿನಲ್ಲೇ ಆಟದಲ್ಲಿ ಒಂದು ಕಣ್ಣು ಹೋಗಿತ್ತು ಅವರಿಗೆ. ದಾರಿ ನೋಡುವುದು ಹೇಗೂ ಕಾಕ್ಸ್‌ನ ಕೆಲಸ. ಸ್ಟ್ರೋಕ್ ದೋಣಿಯ ಓಟವನ್ನು ಸೀಟಿನ ಕೆಳಗಿನಿಂದಲೇ ಅರಿಯುತ್ತಾನೆ.

1912ರ ಮಾರ್ಚ್ 30ರ ಪಂದ್ಯದ್ದು ಬೇರೆಯೇ ಕಥೆ. ಉಬ್ಬರದ ನೀರು ಮೇಲಕ್ಕೆ ಹರಿಯುವಾಗ ಗಾಳಿ ಎದುರು ಬೀಸಿದರೆ ಥೇಮ್ಸ್ ಅಲೆ ಎತ್ತುತ್ತದೆ. ಪಂದ್ಯದ ದೋಣಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿರುವುದಿಲ್ಲ. ನುಗ್ಗಿದ ನೀರು ಮೊಗೆಯಲು ಯಾರ ಕೈಯೂ ಖಾಲಿಯಿರದು. ಕೇಂಬ್ರಿಡ್ಜ್ ಮುಳುಗಿತು. ಆಕ್ಸ್‌ಫರ್ಡಿನದೂ ತುಂಬಿತು, ದಡಕ್ಕೆ ಒಯ್ದು, ನೀರು ಚೆಲ್ಲಿ, ಮತ್ತೆ ಹತ್ತಿ ಹೊರಟರು. ಅಂಪೈರ್ ಪಂದ್ಯವನ್ನೇ ರದ್ದು ಮಾಡಿದರು. ಸೋಮವಾರ, ಏಪ್ರಿಲ್ 1ರಂದು, ಮತ್ತೆ ನಡೆದಾಗ ಬೋರ್ನ್ ಅವರ ದೋಣಿ ಆರು ದೋಣಿಯುದ್ದ ಮುಂದಿತ್ತು.

ಅದೇ ಬೇಸಿಗೆ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ನಮ್ಮ ಕಾಲೇಜಿನ ಎಂಟು ಜನರದೇ ದೋಣಿ ಹೋಯಿತು, ಬೋರ್ನ್ ಸ್ಟ್ರೋಕ್. ಫೈನಲ್‌ನಲ್ಲಿ ಇಂಗ್ಲೆಂಡಿನದೇ ಆದ ಲಿಯಾಂಡರ್ ಕ್ಲಬ್ಬಿಗೆ ಸೋತು ಬೆಳ್ಳಿ ತಂದರು. ಮೊದಲನೆಯ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಬಲವಾದ ಗಾಯವಾಯಿತು. 1924ರಿಂದ 1938ರಲ್ಲಿ ತೀರಿಕೊಳ್ಳುವವರೆಗೂ ಅವರು ಪಾರ್ಲಿಮೆಂಟಿನಲ್ಲಿ ಆಕ್ಸ್‌ಫರ್ಡ್ ಊರಿನ ಪ್ರತಿನಿಧಿ.